ಹನ್ನೊಂದನೇ ಸೂಟಿನ ಗೋಡೆ

ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮ ಮನೆಯಲ್ಲಿ ನನಗೆ ಜಾಗವಿಲ್ಲ. ಜ್ವರ ಅಂದರೆ ಮನುಷ್ಯರದಲ್ಲ, ರೇಷ್ಮೆ ಹುಳುವಿನದು. ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತು, ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕಳೆದರೆ ಏಳೆಂಟು ದಿನ ಒಂದೇ ಸಮನೆ ಮೇಯ್ದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ಏಳೆಂಟು ದಿನ ಹುಳುಮನೆಯ ಹತ್ತಿರ ಒಗ್ಗರಣೆ ಹಾಕುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಮುಖಕ್ಕೆ ಪೌಡರ್ ಬಳಿದುಕೊಂಡವರು ಬರುವ ಹಾಗಿಲ್ಲ. ಈ ಬೆಳೆಯಿಂದ ನಾನಂತೂ ಬೀದಿಯ ತಿರುವಿನಲ್ಲೂ ಕಾಣುವ ಹಾಗಿಲ್ಲ. ಯಾಕೆಂದರೆ ನಾನು ಬೆಂಗಳೂರಿನಲ್ಲಿ ಗೆದ್ದಲು, ಜಿರಳೆ, ತಿಗಣೆ ಸಾಯಿಸುವ ಕಂಪನಿಯ ಟೆಕ್ನಿಷಿಯನ್. ಹುಳು ಸಾಕುವ ಮನೆಗೆ ಹುಳ ಕೊಲ್ಲುವ ಗಂಡ. ನಮ್ಮ ಮಾವ ಸಂಬಂಧ ನೋಡುವಾಗ ಕಂಪನಿ ಕೆಲಸ ಅಂತ ಕೇಳಿದರೇ ಹೊರತು ಎಂಥ ಕಂಪನಿ ಅಂತ ಕೇಳಿರಲಿಲ್ಲ.

ಹೋದ ಬೆಳೆಯಲ್ಲಿ, ಹುಳು ಹಣ್ಣಾಗಲು ಎರಡು ದಿನ ಇದೆ ಅನ್ನುವಾಗ, ಅಷ್ಟೂ ಹುಳು ಹಸಿರು ಕಕ್ಕಿ ಸತ್ತವು. ಹಿಂದಿನ ಸಂಜೆ ನಾನು ಕೆಲಸದ ಶರ್ಟಿನಲ್ಲೇ ಹೋಗಿ ಹುಳುಮನೆ ಬಾಗಿಲಿಗೆ ನೀರಿನ ಬಿಂದಿಗೆ ಇಳಿಸಿ ಬಂದಿದ್ದೆ. ನನ್ನ ಹೆಂಡತಿ ಬೈಯಲಿಲ್ಲ. ಒಬ್ಬಳೇ ಗುಂಡಿ ತೋಡಿ, ಸುಣ್ಣ ಹಾಕಿ, ಬುಟ್ಟಿ ಬುಟ್ಟಿ ಸುರಿದು ಮುಚ್ಚಿದಳು. ಆಮೇಲೆ ಒಂದೇ ಮಾತು ಹೇಳಿದಳು: "ಇನ್ನೊಂದ್ಸಲ ಹಿಂಗಾದ್ರೆ ಹಿಪ್ಪುನೇರಳೆ ಬುಡಸಮೇತ ಕಿತ್ತಾಕ್ತೀನಿ. ಈ ಕೆಲ್ಸಾನೇ ಬ್ಯಾಡ." ಹನ್ನೆರಡು ವರ್ಷದವಳಿದ್ದಾಗ ಅವಳ ತಾಯಿಯಿಂದ ಕಲಿತ ಕೆಲಸ ಅದು. ಅವಳು ಅದನ್ನು ಬಿಟ್ಟರೆ ಕಾರಣ ನಾನು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಾಗಾಗಿ ಈ ಬೆಳೆ ನಾಲ್ಕನೇ ಜ್ವರಕ್ಕೆ ಕೂತ ದಿನವೇ ನಾನು ಬಟ್ಟೆ ಗಂಟು ಕಟ್ಟಿ ಬೆಂಗಳೂರಿಗೆ ಬಂದೆ. ನಾಲ್ಕೈದು ದಿನ ಜೊತೆ ಕೆಲಸದವನ ಕೋಣೆಯಲ್ಲಿದ್ದು, ಇನ್ನು ಎಲ್ಲಿ ಮಲಗುವುದು ಅಂತ ಯೋಚಿಸುತ್ತಿರುವಾಗ ಸೂಪರ್‌ವೈಸರ್ ಫೋನ್ ಮಾಡಿದರು. ನಗರದ ನಡುವೆ ಒಂದು ಹಳೆಯ ಹೋಟೆಲಿದೆ, ಬ್ರಿಟಿಷರ ಕಾಲದ್ದು. ಅಲ್ಲಿನ ಹನ್ನೊಂದನೇ ಸೂಟಿನ, ಅಂದರೆ ದುಬಾರಿ ದೊಡ್ಡ ಕೋಣೆಯ, ಗೋಡೆಯೊಳಗೆ ಏನೋ ಸದ್ದು ಬರುತ್ತದಂತೆ, ಬಹುಶಃ ಗೆದ್ದಲು. ಹೊತ್ತು ಹೊತ್ತಿಗೆ ಮಾತ್ರ ಬರುವುದರಿಂದ ಅಲ್ಲೇ ಮೂರು ದಿನ ಉಳಿದು ಜಾಗ ಹುಡುಕಿ ಔಷಧಿ ಬಿಡಬೇಕು. ಅವರು ಮಾತು ಮುಗಿಸುವ ಮೊದಲೇ ನಾನು ಹ್ಞೂಂ ಅಂದಿದ್ದೆ.

ಆ ಸೂಟಿನಲ್ಲಿ ಒಂದು ರಾತ್ರಿಗೆ ಎಷ್ಟು ಅಂತ ನಾನು ಕೇಳಲಿಲ್ಲ, ಕೇಳಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಹುಳುಮನೆಯಷ್ಟೇ ಉದ್ದಗಲದ ಕೋಣೆ. ಮಂಚ ಎಷ್ಟು ಎತ್ತರವೆಂದರೆ ಹತ್ತಲು ಮಣೆ ಇಟ್ಟಿದ್ದರು. ಸ್ನಾನದ ತೊಟ್ಟಿಗೆ ಹಿತ್ತಾಳೆಯ ಕಾಲು. ಒಂದು ಇಡೀ ಗೋಡೆಗೆ ತೇಗದ ಹಲಗೆ ಹೊದಿಸಿತ್ತು, ಕಿಟಕಿಯಿಂದ ಬಾಗಿಲವರೆಗೆ, ನೆಲದಿಂದ ಆಳೆತ್ತರಕ್ಕೂ ಮೇಲೆ. ಸದ್ದು ಬರುವುದು ಆ ಗೋಡೆಯಿಂದ.

ಕೋಣೆ ತೋರಿಸಿದವರು ಹೌಸ್‌ಕೀಪಿಂಗ್ ನೋಡಿಕೊಳ್ಳುವ ಹಿರಿಯ ಹೆಂಗಸು. ಹೊಸಕೋಟೆ ಕಡೆಯವರು. ನಾನು ನಮ್ಮ ಊರಿನ ಹೆಸರು ಹೇಳಿದ್ದೇ ತಡ, ಇಂಗ್ಲಿಷು ಬಿಟ್ಟು ನಮ್ಮ ಮಾತಿಗೆ ಇಳಿದರು.

"ಈ ರೂಮಲ್ಲಿ ಇಳ್ಕೊಂಡೋರು ಬೆಳಿಗ್ಗೆ ಎದ್ದು ಛತ್ರಿ ಕೇಳ್ತಾರೆ ಕಣಪ್ಪಾ. ಸಣ್ಣಗೆ ಮಳೆ ಹಿಡ್ಕೊಂಡಿದೆ ಅಂತಾರೆ. ಪರದೆ ಸರ್ಸಿದ್ರೆ ಒಣ ಬಿಸ್ಲು."

"ಎಷ್ಟು ದಿನದಿಂದ ಮೇಡಂ?"

"ನಾನ್ ನೋಡ್ದಂಗೆ ಅವಾಗವಾಗ ಐತೆ. ಒಂದಷ್ಟು ದಿನ ಇರ್ತದೆ, ಆಮೇಲೆ ತಿಂಗ್ಳುಗಟ್ಲೆ ಇರಲ್ಲ. ಈಗ ಮೂರ್ನಾಕು ದಿನದಿಂದ ಮತ್ತೆ ಶುರು."

ನಾನು ಕ್ರಮದ ಪ್ರಕಾರ ಕೆಲಸ ಶುರು ಮಾಡಿದೆ. ಮೊದಲು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಹಲಗೆಯ ಮೈ ನೋಡಬೇಕು, ಗೆದ್ದಲು ತಿಂದ ಮರ ಎಲ್ಲಾದರೂ ಒಂದು ಕಡೆ ಉಬ್ಬಿರುತ್ತದೆ. ಉಬ್ಬಿರಲಿಲ್ಲ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗೈಯಗಲಕ್ಕೊಂದು ಸಲ ತಟ್ಟುತ್ತಾ ಹೋಗಬೇಕು. ಹಲಗೆಯ ಹಿಂದೆ ಹೇಗೂ ಟೊಳ್ಳೇ ಆದ್ದರಿಂದ ಅದರಲ್ಲಿ ಏನೂ ತಿಳಿಯಲಿಲ್ಲ. ತೇವ ಅಳೆಯುವ ಮೀಟರು ಒಣ ಮರ ಅಂದಿತು. ಮೂಲೆಯಲ್ಲಿ, ಕಿಟಕಿಯ ಕೆಳಗೆ, ಹೊರಗಡೆಯ ಪಾಯದಲ್ಲಿ ಮಣ್ಣಿನ ಗೀರು ಹುಡುಕಿದೆ. ಒಂದೂ ಇಲ್ಲ. ಗೆದ್ದಲು ನೆಲದಿಂದ ಬರುವುದಾದರೆ ಮಣ್ಣಿನ ದಾರಿ ಕಟ್ಟಿಕೊಂಡೇ ಬರಬೇಕು. ಆಕಾಶದಿಂದ ಇಳಿಯುವ ಗೆದ್ದಲನ್ನು ನಾನು ನೋಡಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಸದ್ದು ಶುರುವಾಯಿತು.

ಬೇರೆಯವರಿಗೆ ಅದು ಮಳೆ. ನನಗೆ ಕಿವಿಗೆ ಬಿದ್ದ ಕ್ಷಣವೇ ಗೊತ್ತಾಯಿತು. ನಾಲ್ಕೂ ಜ್ವರ ಕಳೆದ ಹುಳು ಸೊಪ್ಪು ಮೇಯುವ ಸದ್ದು. ಸಾವಿರಾರು ಸಣ್ಣ ಬಾಯಿಗಳು ಎಲೆಯ ಅಂಚಿನಿಂದ ಒಟ್ಟಿಗೆ ಕಡಿಯುತ್ತಾ ಹೋಗುವ, ನಿಲ್ಲದ ಸರಸರ. ಮದುವೆಯಾದ ಮೇಲೆ ಹತ್ತು ವರ್ಷ ಆ ಸದ್ದಿನ ಪಕ್ಕದ ಕೋಣೆಯಲ್ಲಿ ಮಲಗಿದ್ದೇನೆ, ತಪ್ಪುವ ಮಾತೇ ಇಲ್ಲ.

ಆಮೇಲೆ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಶೂ ಕಳಚಿ ಹೊರಗಿಟ್ಟೆ. ಔಷಧಿಯ ಕ್ಯಾನು, ಪಂಪು, ಬ್ಯಾಗು ಎಲ್ಲವನ್ನೂ ಎಳೆದುಕೊಂಡು ಹೋಗಿ ವರಾಂಡದ ಕೊನೆಗೆ ಇಟ್ಟೆ. ಶರ್ಟು ಬಿಚ್ಚಿ, ಹಿತ್ತಾಳೆ ಕಾಲಿನ ತೊಟ್ಟಿಯಲ್ಲಿ ಕೈಕಾಲು ಉಜ್ಜಿ ಉಜ್ಜಿ ತೊಳೆದೆ. ಟವೆಲ್ ಕೊಡಲು ಬಂದ ಮೇಡಂ, ಬನಿಯನ್ನಿನಲ್ಲಿ ಬರಿಗಾಲಲ್ಲಿ ನಿಂತಿದ್ದ ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು.

"ಏನಪ್ಪಾ, ಗೆದ್ಲು ಹುಡ್ಕೋಕ್ ಬಂದ್ಯೋ, ಪೂಜೆ ಮಾಡೋಕ್ ಬಂದ್ಯೋ?"

ನಾನು ಏನೋ ಹೇಳಿ ಜಾರಿಕೊಂಡೆ. ಸಂಜೆ ಮನೆಗೆ ಫೋನ್ ಮಾಡಿದೆ. ಹುಳುಮನೆಯೊಳಗೆ ಅವಳು ಫೋನ್ ಒಯ್ಯುವುದಿಲ್ಲ, ಹೊರಗೆ ಗೋಡೆಯ ಮೊಳೆಗೆ ಚೀಲದಲ್ಲಿ ತೂಗುಹಾಕಿರುತ್ತಾಳೆ. ಮೂರನೇ ಸಲಕ್ಕೆ ಎತ್ತಿದಳು.

"ಹುಳ ಹೆಂಗವೆ?"

"ಮೇಯ್ತಾವೆ."

"ಎರಡು ಗಂಟೆಗೆ ಸೊಪ್ಪು ಹಾಕಿದ್ಯಾ?"

"ಎರಡಕ್ಕೆ ಹಾಕ್ದೆ ಇನ್ನೆಷ್ಟೊತ್ತಿಗೆ ಹಾಕ್ತಾರೆ? ಆರಕ್ಕೆ, ಎರಡಕ್ಕೆ, ಒಂಬತ್ತಕ್ಕೆ. ಇದೇನು ಹೊಸದಾ?"

ಹೊಸದಲ್ಲ. ಆದರೂ ಕೇಳಬೇಕೆನಿಸಿತ್ತು.

ಎರಡನೇ ದಿನ ಬೆಳಿಗ್ಗೆ ಆರಕ್ಕೆ ಗೋಡೆ ಮತ್ತೆ ಶುರುಮಾಡಿತು. ಈ ಸಲ ನಾನು ಧೈರ್ಯ ತಂದುಕೊಂಡು ಸ್ಟೆತಸ್ಕೋಪು ಹಾಕಿಕೊಂಡು ಕೂತೆ. ಡಾಕ್ಟರು ಬಳಸುವುದೇ, ನಮ್ಮ ಕೆಲಸಕ್ಕೂ ಅದೇ. ಹಲಗೆಯನ್ನು ಗೇಣು ಗೇಣಾಗಿ ಕೇಳುತ್ತಾ, ಸದ್ದು ಜೋರಾಗಿರುವ ಕಡೆಯಲ್ಲೆಲ್ಲ ಬಿಳಿ ಅಂಟುಪಟ್ಟಿ ಹಚ್ಚುತ್ತಾ ಹೋದೆ. ಒಂದೂವರೆ ಗಂಟೆ ಹಿಡಿಯಿತು. ಹಿಂದೆ ಸರಿದು ನಿಂತು ನೋಡಿದರೆ ಗೋಡೆಯ ಮೇಲೆ ಐದು ಅಡ್ಡ ಗೆರೆಗಳು ಬಂದಿದ್ದವು. ಒಂದರ ಮೇಲೊಂದು, ನಡುವೆ ಸಮನಾದ ಅಂತರ, ನೂಲು ಹಿಡಿದು ಎಳೆದ ಹಾಗೆ ನೇರ. ಕೆಳಗಿನಿಂದ ಮೂರನೆಯ ಗೆರೆ ಮಾತ್ರ ಕಿಟಕಿಯ ಕಡೆಯಲ್ಲಿ ಎರಡು ಮಾರು ಮೊದಲೇ ನಿಂತುಹೋಗಿತ್ತು. ಅಲ್ಲಿ ಎಷ್ಟು ಒತ್ತಿ ಕೇಳಿದರೂ ನಿಶ್ಶಬ್ದ.

ಗೆದ್ದಲು ಹೀಗೆ ಗೆರೆ ಹಾಕಿಕೊಂಡು ತಿನ್ನುವುದಿಲ್ಲ. ಆದರೂ ಹಲಗೆಯ ಹಿಂದೆ ಅಡ್ಡಪಟ್ಟಿಗಳಿರುತ್ತವೆ, ಅವುಗಳ ಗುಂಟ ತಿಂದಿರಬಹುದು, ಮೂರನೇ ಪಟ್ಟಿಯ ಕೊನೆಗೆ ಬೇರೆ ಜಾತಿಯ ಮರ ಕಟ್ಟಿರಬಹುದು ಅಂತ ಸಮಾಧಾನ ಮಾಡಿಕೊಂಡೆ. ನೋಟ್‌ಬುಕ್ಕಿನಲ್ಲಿ ಗೋಡೆಯ ಚಿತ್ರ ಬರೆದು ಐದು ಗೆರೆ ಎಳೆದು, ಮೂರನೆಯದನ್ನು ಮೊಟಕಾಗಿ ಬಿಟ್ಟು, ತಾರೀಕು ಹಾಕಿದೆ. ಗೋಡೆ ಅಂತ ಎಲ್ಲೂ ಬರೆಯಲಿಲ್ಲ, ನನ್ನ ಗುರುತಿಗೆ ಸಾಕಿತ್ತು.

ಮಧ್ಯಾಹ್ನ ಹೋಟೆಲಿನ ಮ್ಯಾನೇಜರ್ ಬಂದರು. ಕೋಟು ಹಾಕಿದ, ನಗುಮುಖದ, ಆತುರದ ಮನುಷ್ಯ. ಐದು ದಿನದಲ್ಲಿ ಮದುವೆಯವರು ಬರುತ್ತಾರೆ, ಮದುಮಗಳಿಗೆ ಇದೇ ಸೂಟು, ಜಾಗ ಸಿಕ್ಕಿದ್ದರೆ ತೂತು ಹೊಡೆದು ಔಷಧಿ ಬಿಟ್ಟು ಮುಗಿಸಿ ಅಂದರು. ಡ್ರಿಲ್ಲಿಗೆ ಕೊರೆಯುವ ಬಿಟ್ ಸಿಕ್ಕಿಸಿ ಹಲಗೆಗೆ ಇಟ್ಟೆ. ಅಷ್ಟರಲ್ಲಿ ಎರಡು ಗಂಟೆಯಾಗಿ ಸದ್ದು ಎದ್ದಿತು. ಬೆರಳು ಗುಂಡಿ ಒತ್ತಲಿಲ್ಲ. ಹುಳು ಮೇಯುವ ಹೊತ್ತಿನಲ್ಲಿ ಹುಳುಮನೆಗೆ ವಿಷ ತರುವವನು ಮನುಷ್ಯನೇ ಅಲ್ಲ ಅಂತ ಕಲಿತ ಕೈ ಅದು. ಸಾವಿರಾರು ಮನೆಗಳಲ್ಲಿ ಕಣ್ಣು ಮಿಟುಕಿಸದೆ ಔಷಧಿ ಹೊಡೆದವನು ನಾನು.

"ಬಿಟ್ ಮೊಂಡಾಗಿದೆ ಸಾರ್," ಅಂದೆ. "ನಾಳೆ ಒಂಬತ್ತಕ್ಕೆ ಮಾಡ್ಬಿಡ್ತೀನಿ."

"ನಾಳೆ ಒಂಬತ್ತಕ್ಕೆ ನಾನಿಲ್ಲೇ ಇರ್ತೀನಿ," ಅಂದರು ಅವರು, ಅದೇ ನಗುಮುಖದಲ್ಲಿ.

ಮೂರನೇ ದಿನ ಆರಕ್ಕೆ ಗೋಡೆ ಸುಮ್ಮನಿತ್ತು.

ಗಡಿಯಾರ ನೋಡಿದೆ. ಆರೂ ಹತ್ತು. ಸ್ಟೆತಸ್ಕೋಪಿಟ್ಟು ಐದೂ ಗೆರೆಗಳನ್ನು ಕೇಳಿದೆ. ನನ್ನ ಎದೆಬಡಿತ ಬಿಟ್ಟರೆ ಏನೂ ಇಲ್ಲ. ಆರೂಕಾಲಾಯಿತು. ಸದ್ದಿಗಿಂತ ಆ ಮೌನಕ್ಕೆ ನಾನು ಹೆಚ್ಚು ಹೆದರಿದೆ. ಹುಳುಮನೆ ಸದ್ದು ನಿಲ್ಲಿಸುವುದು ಜ್ವರಕ್ಕೆ ಕೂತಾಗ, ಇಲ್ಲವೇ ಹಣ್ಣಾದಾಗ. ನಾಲ್ಕೂ ಜ್ವರ ಕಳೆದಾಗಿತ್ತು. ಹಣ್ಣಾಗಲು ಇನ್ನೂ ಎರಡು ದಿನ ಬೇಕಿತ್ತು. ಹೋದ ಸಲವೂ ಎರಡು ದಿನ ಇರುವಾಗಲೇ ಸದ್ದು ನಿಂತದ್ದು. ಮನೆಗೆ ಫೋನ್ ಮಾಡಿದೆ. ಮೊಳೆಗೆ ತೂಗುಹಾಕಿದ ಚೀಲದಲ್ಲಿ ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದೆ, ಮತ್ತೂ ಮಾಡಿದೆ.

ಗೋಡೆ ಸದ್ದು ಮಾಡಲಿಲ್ಲ ಅಂತ ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಎಂದು ಯಾರಿಗೆ ಹೇಳುವುದು? ಒಂಬತ್ತಕ್ಕೆ ಮ್ಯಾನೇಜರ್ ಬರುತ್ತಾರೆ, ನಾನಿಲ್ಲದಿದ್ದರೆ ಹತ್ತಕ್ಕೆ ನನ್ನ ಸೂಪರ್‌ವೈಸರಿಗೆ ಫೋನ್ ಹೋಗುತ್ತದೆ. ಹೋದರೂ ಹುಳುಮನೆಯ ಒಳಗೆ ಕಾಲಿಡುವ ಹಾಗಿಲ್ಲ, ಹೋಗಿ ಮಾಡುವುದೇನು? ಇಷ್ಟೆಲ್ಲ ಯೋಚಿಸುತ್ತಲೇ ತಲೆಗೆ ನೀರು ಸುರಿದುಕೊಂಡು, ಔಷಧಿ ಸೋಕದ ಪಂಚೆ ಶರ್ಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದೆ. ನೋಟ್‌ಬುಕ್ಕು, ಸಾಮಾನು ಎಲ್ಲವನ್ನೂ ಕೋಣೆಯಲ್ಲೇ ಬಿಟ್ಟು, ಬೀಗದ ಕೈ ಮೇಡಂಗೆ ಕೊಟ್ಟೆ.

ದೇವನಹಳ್ಳಿವರೆಗೆ ಒಂದು ಬಸ್ಸು, ಅಲ್ಲಿಂದ ವಿಜಯಪುರಕ್ಕೆ ಇನ್ನೊಂದು. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎಂದಿನಂತೆ ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ಬೇರೆ ದಿನ ಆ ವಾಸನೆ ಬಂದರೆ ಊರು ಬಂತು ಅಂತ ಹಗುರಾಗುತ್ತೇನೆ. ಅವತ್ತು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡೆ. ಅಲ್ಲಿಂದ ನಮ್ಮ ಹಳ್ಳಿಗೆ ಆಟೋ ಹಿಡಿದೆ. ಮನೆ ಮುಟ್ಟಿದಾಗ ಎಂಟೂಮುಕ್ಕಾಲು.

ಹುಳುಮನೆಯ ಮುಂದೆ ಗೋಣಿತಾಟಿನ ಕೆಳಗೆ ಸೊಪ್ಪಿನ ರಾಶಿಯಿತ್ತು. ನನ್ನ ಹೆಂಡತಿ ಕುಡುಗೋಲು ಪಕ್ಕಕ್ಕಿಟ್ಟು, ತೋಳು ತುಂಬ ಸೊಪ್ಪಿನ ಕಡ್ಡಿ ಎತ್ತಿಕೊಂಡು, ಬಾಗಿಲಲ್ಲಿ ಎಳೆದಿದ್ದ ಸುಣ್ಣದ ಗೆರೆ ದಾಟುವವಳಿದ್ದಳು. ನನ್ನನ್ನು ನೋಡಿ ಅಲ್ಲೇ ನಿಂತಳು.

"ಅಲ್ಲೇ ನಿಲ್ರಿ. ಒಂದ್ ಹೆಜ್ಜೆ ಈ ಕಡೆ ಇಡ್ಬೇಡಿ. ಯಾಕ್ ಬಂದ್ರಿ?"

"ಆರು ಗಂಟೆಗೆ ಸೊಪ್ಪು ಹಾಕ್ಲಿಲ್ವಾ?"

ಅವಳ ಮುಖ ಬಿಗಿಯಾಯಿತು. "ಕಡಿಯೋಕೆ ಬರ್ಬೇಕಾದೋಳು ಬರ್ಲಿಲ್ಲ. ಒಬ್ಳೇ ಹೋಗಿ ಕೆಳಗಿನ ತೋಟದಲ್ಲಿ ಕಡ್ಕೊಂಡು ಬಂದೆ. ಹುಳ ಹಸ್ಕೊಂಡು ತಲೆ ಎತ್ಕೊಂಡವೆ. ನಿಮ್ಗ್ಯಾರು ಹೇಳಿದ್ರು?"

ಅಷ್ಟರಲ್ಲಿ ಗಾಳಿ ತಿರುಗಿ ಸೊಪ್ಪಿನ ಮೇಲಿಂದ ನನ್ನ ಕಡೆ ಬೀಸಿತು. ತೀರಾ ಸಣ್ಣ ವಾಸನೆ, ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥದು. ಕೆಳಗಿನ ತೋಟಕ್ಕೆ ಬೇಲಿಯಾಚೆ ದ್ರಾಕ್ಷಿ ತೋಟವಿದೆ.

"ಆ ಸೊಪ್ಪು ಹಾಕ್ಬೇಡ. ಪಕ್ಕದ ದ್ರಾಕ್ಷಿಗೆ ಔಷಧಿ ಹೊಡ್ದವ್ರೆ, ಇದ್ರ ಮೇಲೂ ಬಿದ್ದೈತೆ. ವಾಸನೆ ಬರ್ತೈತೆ."

ಅವಳು ಸೊಪ್ಪನ್ನು ಮೂಸಿ ನೋಡಿದಳು. "ನಂಗೇನೂ ಬರ್ತಿಲ್ಲ. ನೀವ್ ಬಂದ್ರಲ್ಲ, ನಿಮ್ದೇ ಇರ್ಬೇಕು ವಾಸ್ನೆ."

ಆ ಮಾತು ಚುಚ್ಚಿತು. ತಪ್ಪೂ ಅನ್ನಿಸಲಿಲ್ಲ. ಆದರೂ ಹೇಳಿದೆ: "ಈಗ ನಾವು ಗೆದ್ದಲಿಗೆ ಬಿಡೋ ಔಷಧಿಗೆ ವಾಸನೆನೇ ಇಲ್ಲ ಕಣೇ. ವಾಸನೆ ಇರೋದು ತೋಟದ ಔಷಧಿಗೆ. ನನ್ನ ನಂಬ್ಬೇಡ. ಹತ್ತು ಹುಳ ಬೇರೆ ಮೊರಕ್ಕೆ ಹಾಕಿ ಈ ಸೊಪ್ಪು ಕೊಡು. ಅರ್ಧ ಗಂಟೆ ನೋಡು. ಏನೂ ಆಗ್ಲಿಲ್ಲ ಅಂದ್ರೆ ನಾನು ಮತ್ತೆ ಈ ಬೀದಿಗೇ ಬರಲ್ಲ."

ಸೊಪ್ಪು ಪರೀಕ್ಷೆ ಮಾಡುವುದು ಅವಳಿಗೆ ಗೊತ್ತಿಲ್ಲದ್ದಲ್ಲ, ಅವಳ ತಾಯಿಯೂ ಮಾಡುತ್ತಿದ್ದರು. ಆದರೆ ಒಳಗೆ ಸಾವಿರಾರು ಹುಳು ಹಸಿದು ತಲೆ ಆಡಿಸುತ್ತಿರುವಾಗ ಅರ್ಧ ಗಂಟೆ ಕಾಯುವುದು ಸಣ್ಣ ಮಾತಲ್ಲ. ಅವಳು ಸೊಪ್ಪನ್ನು ಹೊರಗೇ ಇಳಿಸಿದಳು. ಆಮೇಲೆ ಒಳಹೋಗಿ ಹತ್ತು ಹುಳು ತಂದು ಮೊರದಲ್ಲಿಟ್ಟು, ಎರಡು ಎಲೆ ಹಾಕಿ, ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಮೊರ ನನಗೆ ಕಾಣುತ್ತಿರಲಿಲ್ಲ, ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಇಪ್ಪತ್ತು ನಿಮಿಷವಾಗಿರಬೇಕು. ಬೆನ್ನು ಒಂದು ಸಲ ಕುಗ್ಗಿತು. ಅವಳು ಕೈ ನೆಲಕ್ಕೂರಿ ಬಾಗಿ ನೋಡಿದಳು.

"ಕಕ್ತಾವೆ," ಅಂದಳು. ಹಿಂತಿರುಗದೆಯೇ ಕೇಳಿದಳು, "ಹೋದ್ಸಲಾನೂ ಕೆಳಗಿನ ತೋಟದ್ದೇ ಹಾಕಿದ್ದೆ. ಅದೂ ಇದೇನಾ?"

"ಗೊತ್ತಿಲ್ಲ," ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಶರ್ಟೂ ಆಗಿರಬಹುದು. ಆದರೆ ಹೋದ ಬೆಳೆಯಿಂದ ಎದೆಯ ಮೇಲಿದ್ದ ಕಲ್ಲು ಅವತ್ತು ಅರ್ಧ ಇಳಿಯಿತು.

ಆವತಿಯಲ್ಲಿರುವ ಅವಳ ಅಣ್ಣನಿಗೆ ಫೋನ್ ಮಾಡಿದೆವು. ಅವರು ತಮ್ಮ ತೋಟದ ಸೊಪ್ಪು ಕಡಿಸಿ ಟೆಂಪೋದಲ್ಲಿ ಹಾಕಿಕೊಂಡು ಬರುವಾಗ ಮಧ್ಯಾಹ್ನವಾಗಿತ್ತು. ಅದನ್ನೂ ಅವಳು ಹತ್ತು ಹುಳುಗಳಿಗೆ ಹಾಕಿ ನೋಡಿಯೇ ಒಳಗೆ ಒಯ್ದಳು. ಹನ್ನೆರಡೂವರೆಗೆ ಒಳಗಿನಿಂದ ಸರಸರ ಎದ್ದಿತು. ಕಲ್ಲಿನ ಮೇಲೆ ಕೂತಿದ್ದ ನನಗೂ ಕೇಳಿಸಿತು. ಅದೇ ಹೊತ್ತಿಗೆ ನನ್ನ ಫೋನ್ ಹೊಡೆದುಕೊಂಡಿತು. ಹೋಟೆಲಿನ ಮೇಡಂ.

"ಏನಪ್ಪಾ, ಮ್ಯಾನೇಜರ್ ಕುಣಿದಾಡ್ತವ್ರೆ. ಅದಿರ್ಲಿ. ನಿನ್ ಗೋಡೆ ಈಗ್ ಶುರು ಮಾಡ್ತು ನೋಡು. ಈ ಹೊತ್ನಲ್ಲಿ ಯಾವತ್ತೂ ಬಂದಿರ್ಲಿಲ್ಲ."

ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಹುಳುಮನೆಯೊಳಗಿನ ಸರಸರ ಇನ್ನೂ ಕೇಳುತ್ತಿತ್ತು.

ಮರುದಿನ ಹೋಟೆಲಿಗೆ ಹೋಗಿ ಮ್ಯಾನೇಜರಿಂದಲೂ ಸೂಪರ್‌ವೈಸರಿಂದಲೂ ಬೈಸಿಕೊಂಡೆ. ಔಷಧಿ ಬಿಡುವ ಮೊದಲು ಹಲಗೆ ಬಿಚ್ಚಿ ನೋಡಲೇಬೇಕು ಅಂತ ಹಟ ಹಿಡಿದೆ. ಬಡಗಿಯೊಬ್ಬರು ಬಂದು ಒಂದೊಂದೇ ಹಲಗೆ ಇಳಿಸಿದರು. ಹಿಂದೆ ಗೆದ್ದಲು ಇತ್ತು, ಎಂದೋ. ಅಡ್ಡಪಟ್ಟಿಗಳ ಒಳಗೆಲ್ಲ ಹಳೆಯ ಮಣ್ಣಿನ ಸುರಂಗ, ಮುಟ್ಟಿದರೆ ಬೂದಿಯಾಗಿ ಉದುರುವಷ್ಟು ಒಣಗಿದ್ದು. ಒಂದೇ ಒಂದು ಜೀವ ಇರಲಿಲ್ಲ. ಅಡ್ಡಪಟ್ಟಿಗಳು ಐದಲ್ಲ, ಮೂರು. ಮೂರೂ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದವಾಗಿದ್ದವು. ನನ್ನ ಅಂಟುಪಟ್ಟಿಯ ಗೆರೆಗಳ ಹಿಂದೆ ಬರೀ ಗಾಳಿ.

"ಏನೂ ಇಲ್ವಲ್ರೀ," ಅಂದರು ಮ್ಯಾನೇಜರ್. "ಆದ್ರೂ ಬಿಟ್ಬಿಡಿ, ಸರ್ಟಿಫಿಕೇಟ್ ಬೇಕು ನಮ್ಗೆ."

ಮರ ತೆರೆದ ಮೇಲೆ ನಾಲ್ಕು ದಿನ ಗಾಳಿಯಾಡಬೇಕು, ಇಲ್ಲದಿದ್ದರೆ ಔಷಧಿ ಹಿಡಿಯುವುದಿಲ್ಲ ಅಂದೆ. ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಗಿರಾಕಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೇ. ಮದುಮಗಳಿಗೆ ಬೇರೆ ಸೂಟು ಕೊಟ್ಟರು, ನನಗೆ ಕಂಪನಿಯಿಂದ ಎಚ್ಚರಿಕೆ ಪತ್ರ ಬಂತು. ಅಷ್ಟರಲ್ಲಿ ಊರಿನಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಹತ್ತಿ, ಗೂಡಿನೊಳಗೆ ಮರೆಯಾದವು. ಕೊನೆಯ ಹುಳುವೂ ಮರೆಯಾಯಿತು ಅಂತ ಅವಳ ಬಾಯಿಂದ ಕೇಳಿದ ಮೇಲೆಯೇ ನಾನು ಹೋಟೆಲಿಗೆ ಹೋಗಿ, ಮತ್ತೆ ಕೂಡಿಸಿದ ಹಲಗೆಗೆ ಗೇಣಿಗೊಂದು ತೂತು ಹೊಡೆದು, ಉದ್ದಕ್ಕೂ ಔಷಧಿ ತುಂಬಿ, ಮೇಣ ಮೆತ್ತಿದೆ. ಗೋಡೆ ತುಟಿಪಿಟಕ್ಕೆನ್ನಲಿಲ್ಲ. ಮೇಡಂ ಬಾಗಿಲಲ್ಲಿ ನಿಂತು ನೋಡಿ, "ಆಯ್ತಾ?" ಅಂದರು. ಆಯ್ತು ಅಂದೆ.

ಎರಡು ದಿನ ಬಿಟ್ಟು ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ನನಗೆ ಒಳಗೆ ಬರಲು ಅಪ್ಪಣೆಯಾಯಿತು. ಬಹಳ ಒಳ್ಳೆಯ ಬೆಳೆ. ಜಗುಲಿಯ ತುಂಬ ಬಿಳಿ ಗೂಡಿನ ರಾಶಿ. ನಾನು ಒಂದು ಪಕ್ಕದಲ್ಲಿ ಕೂತು ಕಂಪನಿಗೆ ಕೊಡಬೇಕಾದ ವರದಿಯನ್ನು ನೋಟ್‌ಬುಕ್ ನೋಡಿ ಬರೆಯುತ್ತಿದ್ದೆ. ಗೂಡಿನ ಬುಟ್ಟಿ ಹಿಡಿದು ಬಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನ್ರೀ, ನಮ್ಮ ಸ್ಟ್ಯಾಂಡನ್ನ ಬರ್ಕೊಂಡಿದೀರಾ?"

ನಾನು ಚಿತ್ರ ನೋಡಿದೆ. ಐದು ಗೆರೆ, ಒಂದರ ಮೇಲೊಂದು. ಹುಳುಮನೆಯಲ್ಲಿ ಸೊಪ್ಪು ಹಾಸುವ ಸ್ಟ್ಯಾಂಡಿಗೆ ಐದು ಅಂತಸ್ತು.

ಅವಳ ಬೆರಳು ಮೂರನೇ ಗೆರೆ ಮೊಟಕಾದ ಕಡೆ ಹೋಗಿ ನಿಂತಿತು. "ಇಲ್ಲಿ ಇರುವೆ ಹತ್ತಿತ್ತು. ಕಿಟಕಿ ಕಡೆ ಎರಡು ಮಾರು ಹುಳ ತೆಗ್ದು ತಿಪ್ಪೆಗೆ ಹಾಕ್ದೆ. ನಾನ್ ಯಾರ್ಗೂ ಹೇಳಿಲ್ಲ." ಅವಳ ದನಿ ಬದಲಾಯಿತು. "ಹುಳ ಮೇಯೋವಾಗ ನೀವು ಒಳಗೆ ಬಂದಿದ್ರಾ?"

"ಇಲ್ಲ."

"ಮತ್ತೆ?"

ಹೋಟೆಲಿನ ಕೋಣೆ, ಗೋಡೆ, ಆರು ಗಂಟೆ, ಎರಡು ಗಂಟೆ, ಮೂರನೇ ದಿನದ ಮೌನ, ಎಲ್ಲ ಹೇಳಿದೆ. ನಕ್ಕುಬಿಡುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ರಾಶಿಯಿಂದ ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಹುಳು ಗಟ್ಟಿಯಾಗಿದೆಯೇ ಅಂತ ಕೇಳಿಸಿಕೊಂಡು ಬುಟ್ಟಿಗೆ ಹಾಕಿದಳು. ಹೀಗೆ ಐದಾರು ಗೂಡು.

"ಮುಂದಿನ ಬೆಳೇಲೂ ನಾಕ್ನೇ ಜ್ವರ ಎದ್ದ ಮೇಲೆ ನೀವು ಆ ರೂಮಲ್ಲೇ ಇರಿ," ಅಂದಳು. "ನಂಗೂ ಧೈರ್ಯ. ಗೋಡೆ ಸುಮ್ನಾದ್ರೆ ಫೋನ್ ಮಾಡಿ, ಇನ್ಮೇಲೆ ಫೋನ್ ಒಳಗೇ ಇಟ್ಕೊಂಡಿರ್ತೀನಿ."

ಹ್ಞೂಂ ಅಂದೆ. ಗೋಡೆಯ ಉದ್ದಕ್ಕೂ ಔಷಧಿ ತುಂಬಿ ಬಂದಿದ್ದೇನೆ ಅಂತ ಹೇಳಲು ಬಾಯಿ ಬರಲಿಲ್ಲ.